ಪಗರುಯುಂಗ್: ಮಿನಾಂಗ್‌ಕಬಾವ್ ಅರಸೊತ್ತಿಗೆಯ ಉದಯ ಮತ್ತು ಅವಸಾನ

ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಬುಕಿತ್ ಬಾರಿಸಾನ್ ಪರ್ವತಶ್ರೇಣಿಯು ಉದ್ದಕ್ಕೂ ಹಬ್ಬಿದೆ. ಈ ಶ್ರೇಣಿಯ ಮಧ್ಯಭಾಗದಲ್ಲಿ, ಮರಾಪಿ, ಸಿಂಗಲಾಂಗ್, ಸಾಗೋ ಪರ್ವತಗಳ ಬುಡದಲ್ಲಿರುವ ಫಲವತ್ತಾದ ಕಣಿವೆಗಳು ಮಿನಾಂಗ್‌ಕಬಾವ್ ಜನರ ಮೂಲನೆಲೆಯಾಗಿವೆ. ಗದ್ದೆಬೇಸಾಯ, ಚಿನ್ನದ ಗಣಿಗಾರಿಕೆ ಮತ್ತು ದೂರದೇಶದ ವ್ಯಾಪಾರ ಇವು ಅವರ ಬದುಕಿಗೆ ಆಧಾರವಾಗಿದ್ದವು. ಈ ನಾಡಿನ ನಡುವೆ, ಇಂದಿನ ಬಾತುಸಾಂಗ್ಕರ್ ಪಟ್ಟಣದ ಬಳಿಯ ಪಗರುಯುಂಗ್ ಎಂಬಲ್ಲಿ, ಸುಮಾರು ನಾಲ್ಕೂವರೆ ಶತಮಾನಗಳ ಕಾಲ ಒಂದು ಅರಸೊತ್ತಿಗೆ ಬಾಳಿತು.

ಈ ಅರಸೊತ್ತಿಗೆಯ ಸ್ವರೂಪವು ರಾಜ್ಯವೆಂಬ ಪದದ ರೂಢಿಯ ಅರ್ಥಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಸ್ಥಾಯಿಸೈನ್ಯವಿರಲಿಲ್ಲ. ಬೆಟ್ಟನಾಡಿನ ಹಳ್ಳಿಗಳು ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳುತ್ತಿದ್ದವು. ಭೂಮಿಯು ಅರಸನ ಸ್ವತ್ತಾಗಿರದೆ ತಾಯಿಬಳಿಯ ಕುಲಗಳ ಸ್ವತ್ತಾಗಿತ್ತು. ಹೀಗಿದ್ದರೂ ಇಲ್ಲಿನ ಅರಸನ ಮುದ್ರೆಯುಳ್ಳ ಪತ್ರಕ್ಕೆ ಸುಮಾತ್ರಾದ ಎರಡೂ ಕರಾವಳಿಗಳಲ್ಲಿ, ಮಲಯ ಪರ್ಯಾಯದ್ವೀಪದಲ್ಲಿಯೂ ಸಹ, ಗೌರವ ಸಲ್ಲುತ್ತಿತ್ತು. ಇಂತಹ ದೀರ್ಘಾಯುಷ್ಯದ ಅರಸೊತ್ತಿಗೆ ಹತ್ತೊಂಬತ್ತನೆಯ ಶತಮಾನದ ಆರಂಭದ ಎರಡು ದಶಕಗಳಲ್ಲಿ ಕುಸಿದುಬಿದ್ದಿತು. ಬಲವಿಲ್ಲದ ಅರಸನು ಇಷ್ಟು ಕಾಲ ಉಳಿದುದು ಹೇಗೆ, ಉಳಿದವನು ಇಷ್ಟು ಬೇಗ ಅಳಿದುದು ಏಕೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶವಾಗಿದೆ.

೧. ಆಕರಗಳ ಸ್ವರೂಪ

ಪಗರುಯುಂಗ್ ಇತಿಹಾಸದ ಆಕರಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಹದಿನಾಲ್ಕನೆಯ ಶತಮಾನದ ಶಿಲಾಶಾಸನಗಳು. ಇವು ಹೆಚ್ಚಾಗಿ ಆದಿತ್ಯವರ್ಮನೆಂಬ ಒಬ್ಬನೇ ಅರಸನ ಕಾಲಕ್ಕೆ ಸೇರಿದವು. ಎರಡನೆಯದು ಹದಿನಾರನೆಯ ಶತಮಾನದಿಂದೀಚಿನ ಪೋರ್ಚುಗೀಸ್, ಡಚ್ ಮತ್ತು ಇಂಗ್ಲಿಷ್ ದಾಖಲೆಗಳು. ಮೂರನೆಯದು ‘ತಾಂಬೋ’ ಎಂದು ಕರೆಯಲಾಗುವ ದೇಶೀಯ ಪರಂಪರೆಯ ಕಥನಗಳು ಮತ್ತು ಅರಸರು ಹೊರಡಿಸಿದ ಪತ್ರಗಳು. ಶಾಸನಗಳು ಅರಸನನ್ನು ಮಾತ್ರ ಹೇಳುತ್ತವೆ. ತಾಂಬೋಗಳು ಹಳ್ಳಿಯ ಕಟ್ಟುಕಟ್ಟಳೆಗಳನ್ನು ಮುಂದಿಟ್ಟು ಅರಸನನ್ನು ಅಂಚಿಗೆ ಸರಿಸುತ್ತವೆ. ಶಾಸನಗಳ ಆದಿತ್ಯವರ್ಮನ ಹೆಸರನ್ನು ತಾಂಬೋಗಳಲ್ಲಿ ಗುರುತಿಸುವುದೇ ಕಷ್ಟ. ಈ ಎರಡು ದೃಷ್ಟಿಗಳ ನಡುವಿನ ಅಂತರವನ್ನು ಆಕರಗಳ ದೋಷವೆಂದು ತಳ್ಳಿಹಾಕುವಂತಿಲ್ಲ. ಅರಸ ಮತ್ತು ಹಳ್ಳಿಗಳ ನಡುವೆ ವಾಸ್ತವವಾಗಿಯೇ ಇದ್ದ ಅಂತರವನ್ನು ಅದು ಸೂಚಿಸುತ್ತದೆ.

೨. ಮಲಯುವಿನಿಂದ ಬೆಟ್ಟನಾಡಿಗೆ

ಮಿನಾಂಗ್‌ಕಬಾವ್ ಅರಸೊತ್ತಿಗೆಯ ಬೇರುಗಳು ಬೆಟ್ಟನಾಡಿನಲ್ಲಿರದೆ, ಪೂರ್ವಕ್ಕೆ ಹರಿಯುವ ಬಾತಾಂಗ್ ಹಾರಿ ನದಿಯ ಕಣಿವೆಯಲ್ಲಿದ್ದ ಮಲಯು ರಾಜ್ಯದಲ್ಲಿವೆ. ಏಳನೆಯ ಶತಮಾನದ ಚೀನೀ ಯಾತ್ರಿಕ ಇತ್ಸಿಂಗ್ ಈ ರಾಜ್ಯವನ್ನು ಉಲ್ಲೇಖಿಸಿದ್ದಾನೆ. ರಾಜೇಂದ್ರ ಚೋಳನ ೧೦೨೫ರ ನೌಕಾದಂಡಯಾತ್ರೆಯಲ್ಲಿ ಗೆದ್ದ ಸ್ಥಳಗಳ ಪಟ್ಟಿಯನ್ನು ನೀಡುವ ತಂಜಾವೂರಿನ ಶಾಸನದಲ್ಲಿ ‘ಮಲೈಯೂರ್’ ಎಂಬ ಹೆಸರು ಬರುತ್ತದೆ. ದಕ್ಷಿಣ ಭಾರತದೊಡನೆ ಸುಮಾತ್ರಾದ ಸಂಪರ್ಕವು ಯುದ್ಧಕ್ಕೆ ಸೀಮಿತವಾಗಿರಲಿಲ್ಲ. ಪಶ್ಚಿಮ ಕರಾವಳಿಯ ಬಾರುಸ್ ಬಳಿಯ ಲೋಬು ತುವಾದಲ್ಲಿ ದೊರೆತಿರುವ ಶಕವರ್ಷ ೧೦೧೦ರ (ಕ್ರಿ.ಶ. ೧೦೮೮) ತಮಿಳು ಶಾಸನವು ಐನೂರ್ವರೆಂಬ ವರ್ತಕ ಸಂಘವನ್ನು ಹೆಸರಿಸುತ್ತದೆ. ಅಯ್ಯಾವೊಳೆ, ಅಂದರೆ ಇಂದಿನ ಐಹೊಳೆಯನ್ನು ತನ್ನ ಮೂಲನೆಲೆಯೆಂದು ಹೇಳಿಕೊಂಡ ಸಂಘವೇ ಇದಾಗಿದೆ. ಕರ್ಪೂರ ಮತ್ತು ಚಿನ್ನ ಈ ವರ್ತಕರನ್ನು ಸುಮಾತ್ರಾಕ್ಕೆ ಸೆಳೆದ ಮುಖ್ಯ ಸರಕುಗಳು. ‘ಸುವರ್ಣಭೂಮಿ’, ‘ಸುವರ್ಣದ್ವೀಪ’ ಎಂಬ ಹೆಸರುಗಳಿಗೆ ಈ ದ್ವೀಪವು ಪಾತ್ರವಾದುದು ಬರಿಯ ಕವಿಸಮಯವಲ್ಲ; ಬೆಟ್ಟನಾಡಿನ ಹೊಳೆಗಳಲ್ಲಿ ಚಿನ್ನ ನಿಜವಾಗಿಯೂ ದೊರೆಯುತ್ತಿತ್ತು.

ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಮಲಯುವಿನ ಕೇಂದ್ರವು ಬಾತಾಂಗ್ ಹಾರಿಯ ಮೇಲ್ದಂಡೆಯ ಧರ್ಮಾಶ್ರಯಕ್ಕೆ ಸರಿಯಿತು. ಶಕವರ್ಷ ೧೨೦೮ರಲ್ಲಿ (ಕ್ರಿ.ಶ. ೧೨೮೬) ಜಾವಾದ ಸಿಂಘಸಾರಿಯ ಅರಸ ಕೃತನಗರನು ಅಮೋಘಪಾಶ ಲೋಕೇಶ್ವರನ ವಿಗ್ರಹವನ್ನು ಅಲ್ಲಿಗೆ ಕಳುಹಿಸಿದನು. ಪಾದಾಂಗ್ ರೋಚೋದಲ್ಲಿ ದೊರೆತ ವಿಗ್ರಹಪೀಠದ ಶಾಸನವು ಈ ಕೊಡುಗೆಯಿಂದ ಸುವರ್ಣಭೂಮಿಯ ಪ್ರಜೆಗಳೆಲ್ಲರೂ, ಅದರಲ್ಲಿಯೂ ಅರಸ ತ್ರಿಭುವನರಾಜ ಮೌಲಿವರ್ಮದೇವನು, ಸಂತೋಷಪಟ್ಟರೆಂದು ಹೇಳುತ್ತದೆ. ವಿಗ್ರಹದ ದಾನವು ಭಕ್ತಿಯ ಕುರುಹೂ ಆಗಿತ್ತು, ಜಾವಾದ ಮೇಲಾಧಿಪತ್ಯದ ಘೋಷಣೆಯೂ ಆಗಿತ್ತು.

೩. ಆದಿತ್ಯವರ್ಮನ ಕಾಲ

ಆದಿತ್ಯವರ್ಮನು ಮೊದಲು ಇತಿಹಾಸದ ಬೆಳಕಿಗೆ ಬರುವುದು ಜಾವಾದಲ್ಲಿ. ಪೂರ್ವ ಜಾವಾದ ಚಂಡಿ ಜಾಗೋಕ್ಕೆ ಸೇರಿದ, ಶಕವರ್ಷ ೧೨೬೫ರ (ಕ್ರಿ.ಶ. ೧೩೪೩) ಮಂಜುಶ್ರೀ ವಿಗ್ರಹದ ಬರಹವು ಅದನ್ನು ಪ್ರತಿಷ್ಠಾಪಿಸಿದವನು ಇವನೆಂದು ತಿಳಿಸುತ್ತದೆ. ಮಜಪಾಹಿತ್ ರಾಜಮನೆತನದ ರಾಜಪತ್ನಿಯ ಬಂಧುವಾಗಿ, ಉನ್ನತ ಮಂತ್ರಿಪದವಿಯಲ್ಲಿದ್ದ ಇವನು ನಾಲ್ಕು ವರ್ಷಗಳ ತರುವಾಯ ಸುಮಾತ್ರಾದಲ್ಲಿ ಸ್ವತಂತ್ರ ಅರಸನಾಗಿ ಕಾಣಿಸಿಕೊಳ್ಳುತ್ತಾನೆ. ಕೃತನಗರನು ಕಳುಹಿಸಿದ್ದ ಅದೇ ಅಮೋಘಪಾಶ ವಿಗ್ರಹದ ಹಿಂಬದಿಯಲ್ಲಿ ೧೩೪೭ರಲ್ಲಿ ಅವನು ತನ್ನದೊಂದು ಸಂಸ್ಕೃತ ಶಾಸನವನ್ನು ಕೆತ್ತಿಸಿ, ತನ್ನನ್ನು ಮಹಾರಾಜಾಧಿರಾಜನೆಂದು ಕರೆದುಕೊಂಡನು. ಮೇಲಾಧಿಪತ್ಯವನ್ನು ಸಾರಲು ಬಂದ ಕಲ್ಲಿನ ಮೇಲೆಯೇ ಸ್ವಾತಂತ್ರ್ಯವನ್ನು ಸಾರಿದ ಈ ಕೃತ್ಯವು ರಾಜಕೀಯ ಅರ್ಥದಿಂದ ಕೂಡಿದೆ. ಅವನ ಬಿರುದುಗಳಲ್ಲಿ ಮಲಯುವಿನ ‘ಮೌಲಿವರ್ಮದೇವ’ ಎಂಬ ಹಳೆಯ ಉಪಾಧಿಯೂ ಸೇರಿದೆ. ಹೊಸ ಅಧಿಕಾರವು ಹಳೆಯ ವಂಶದ ಹೆಸರಿನಲ್ಲಿ ಮಾತನಾಡಿತು.

ಅನಂತರ ಅವನ ಶಾಸನಗಳೆಲ್ಲ ಬೆಟ್ಟನಾಡಿನಲ್ಲಿಯೇ ದೊರೆಯುತ್ತವೆ. ಕುಬುರಾಜೋ ಶಾಸನವು ಅವನನ್ನು ಅದ್ವಯವರ್ಮನ ಮಗನೆಂದೂ ‘ಕನಕಮೇದಿನೀಂದ್ರ’, ಅಂದರೆ ಚಿನ್ನದ ನೆಲದ ಒಡೆಯನೆಂದೂ ವರ್ಣಿಸುತ್ತದೆ. ಪಗರುಯುಂಗ್‌ನ ಶಾಸನವು ೧೩೫೬ಕ್ಕೆ ಸೇರುತ್ತದೆ. ಸುರೋವಾಸೋ ಶಾಸನಗಳು ಅವನ ಆಳ್ವಿಕೆಯ ಕೊನೆಯ ಭಾಗಕ್ಕೆ, ೧೩೭೫ರ ಸುಮಾರಿಗೆ ಸೇರುತ್ತವೆ. ಇವುಗಳಲ್ಲೊಂದು ಅನಂಗವರ್ಮನೆಂಬ ರಾಜಕುಮಾರನನ್ನು ಹೆಸರಿಸುತ್ತದೆ. ರಾಜಧಾನಿಯನ್ನು ನದೀತೀರದಿಂದ ಬೆಟ್ಟನಾಡಿಗೆ ಸ್ಥಳಾಂತರಿಸಿದುದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಚಿನ್ನದ ಮೂಲವನ್ನು ನೇರವಾಗಿ ಹಿಡಿತದಲ್ಲಿಟ್ಟುಕೊಳ್ಳುವುದು ಒಂದು. ಮಜಪಾಹಿತ್‌ನ ನೌಕಾಬಲವು ತಲುಪದ ಎಡೆಯಲ್ಲಿ ನೆಲೆಗೊಳ್ಳುವುದು ಇನ್ನೊಂದು. ೧೩೬೫ರ ‘ನಾಗರಕೃತಾಗಮ’ ಕಾವ್ಯವು ಮಿನಾಂಗ್‌ಕಬಾವನ್ನು ಮಜಪಾಹಿತ್‌ನ ಅಧೀನ ದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ಆದಿತ್ಯವರ್ಮನ ಶಾಸನಗಳಲ್ಲಿಯಾದರೋ ಅಂತಹ ಅಧೀನತೆಯ ಸುಳಿವಿಲ್ಲ.

ಪಾದಾಂಗ್ ರೋಚೋದಲ್ಲಿ ದೊರೆತು, ಈಗ ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ೪.೪೧ ಮೀಟರ್ ಎತ್ತರದ ಭೈರವ ವಿಗ್ರಹವನ್ನು ಸಾಮಾನ್ಯವಾಗಿ ಇವನೊಡನೆ ಸಂಬಂಧಿಸಲಾಗುತ್ತದೆ. ಶವದ ಮೇಲೆ ನಿಂತು, ಕತ್ತಿ ಮತ್ತು ಕಪಾಲಗಳನ್ನು ಹಿಡಿದ ಈ ಮೂರ್ತಿಯು ಅರಸನ ತಾಂತ್ರಿಕ ಬೌದ್ಧನಿಷ್ಠೆಯನ್ನು ಸೂಚಿಸುತ್ತದೆ. ಆದರೆ ಆದಿತ್ಯವರ್ಮನನ್ನು ತಾಂತ್ರಿಕನಾಗಿ ಮಾತ್ರ ಕಾಣುವುದು ಸಮಗ್ರವಾಗಲಾರದು. ಸುರೋವಾಸೋ ಬಳಿಯ ಬಂದಾರ್ ಬಾಪಹಾತ್‌ನಲ್ಲಿ ಬಂಡೆಯನ್ನು ಕಡಿದು ಮಾಡಿದ ನೀರಾವರಿ ಕಾಲುವೆಯ ಪಕ್ಕದಲ್ಲಿ ಶಾಸನವಿತ್ತು. ಅದರ ಒಂದು ಭಾಗ ಸ್ಥಳೀಯ ಲಿಪಿಯಲ್ಲಿಯೂ ಇನ್ನೊಂದು ಭಾಗ ದಕ್ಷಿಣ ಭಾರತದ ಗ್ರಂಥಲಿಪಿಯಲ್ಲಿಯೂ ಇದ್ದಿತು. ಹದಿನಾಲ್ಕನೆಯ ಶತಮಾನದಲ್ಲಿ ಈ ಒಳನಾಡಿನಲ್ಲಿ ಗ್ರಂಥಲಿಪಿಯನ್ನು ಓದಬಲ್ಲವರು, ಬಹುಶಃ ವರ್ತಕರು, ನೆಲೆಸಿದ್ದರೆಂದು ಇದರಿಂದ ಊಹಿಸಲಾಗಿದೆ. ಈ ಕಾಲುವೆಯ ಸಂದರ್ಭದಲ್ಲಿ ಬರುವ ಅಕರೇಂದ್ರವರ್ಮನು ಆದಿತ್ಯವರ್ಮನ ಸೋದರಮಾವನಾಗಿರಬಹುದೆಂದು ಶಾಸನತಜ್ಞ ಡಿ ಕಾಸ್ಪರಿಸ್ ಸೂಚಿಸಿದ್ದಾರೆ. ಈ ಸೂಚನೆ ಸರಿಯಾಗಿದ್ದಲ್ಲಿ ತಾಯಿಬಳಿಯ ಪದ್ಧತಿಯ ಪ್ರಾಚೀನತೆಗೆ ಅದೊಂದು ಮುಖ್ಯ ಸಾಕ್ಷ್ಯವಾಗುತ್ತದೆ.

ಇದೇ ಕಾಲದ ಇನ್ನೊಂದು ದಾಖಲೆ ಕೆರಿಂಚಿಯ ತಾಂಜುಂಗ್ ತಾನಾಹ್ ಹಸ್ತಪ್ರತಿ. ಉಲಿ ಕೋಜೋಕ್ ಅವರು ೨೦೦೨ರಲ್ಲಿ ಗುರುತಿಸಿದ, ಮರದ ತೊಗಟೆಯ ಕಾಗದದ ಮೇಲಿನ ಈ ಕಟ್ಟಳೆಗ್ರಂಥವು ವಿಕಿರಣ ಇಂಗಾಲದ ಪರೀಕ್ಷೆಯಿಂದ ಹದಿನಾಲ್ಕನೆಯ ಶತಮಾನದ್ದೆಂದು ತಿಳಿದುಬಂದಿದ್ದು, ಉಳಿದುಬಂದಿರುವ ಮಲಯ ಹಸ್ತಪ್ರತಿಗಳಲ್ಲಿ ಅತಿ ಪ್ರಾಚೀನವೆನಿಸಿದೆ. ಧರ್ಮಾಶ್ರಯದ ಮಹಾರಾಜನ ಹೆಸರಿನಲ್ಲಿ ದಂಡನೆಗಳನ್ನು ವಿಧಿಸುವ ಈ ಗ್ರಂಥವು ಅರಸನ ಮಾತು ದೂರದ ಬೆಟ್ಟದ ಹಳ್ಳಿಗೂ ಬರಹದ ರೂಪದಲ್ಲಿ ತಲುಪುತ್ತಿತ್ತೆಂಬುದನ್ನು ತೋರಿಸುತ್ತದೆ.

೪. ನಗರಿ, ಕುಲ ಮತ್ತು ಅರಸ

ಆದಿತ್ಯವರ್ಮನ ತರುವಾಯ ಶಾಸನಗಳು ಮೌನವಾಗುತ್ತವೆ. ಹದಿನಾರನೆಯ ಶತಮಾನದಲ್ಲಿ ಮತ್ತೆ ಬೆಳಕು ಬಿದ್ದಾಗ ಕಾಣುವ ವ್ಯವಸ್ಥೆಯೇ ಬೇರೆ. ‘ನಗರಿ’ ಎಂದು ಕರೆಯುವ ಸ್ವಯಮಾಡಳಿತದ ಗ್ರಾಮಘಟಕವು ಅದರ ತಳಹದಿ. ಸಂಸ್ಕೃತದ ನಗರಶಬ್ದದಿಂದ ಬಂದರೂ ಅದರ ಅರ್ಥ ಪಟ್ಟಣವಲ್ಲ. ‘ಸುಕು’ ಎಂಬ ತಾಯಿಬಳಿಯ ಕುಲಗಳು ನಗರಿಯಲ್ಲಿರುತ್ತವೆ. ಅವುಗಳ ಮುಖಂಡನು ‘ಪೆಂಗುಲು’. ಗದ್ದೆ ಮತ್ತು ಮನೆ ತಾಯಿಯಿಂದ ಹೆಣ್ಣುಮಕ್ಕಳಿಗೆ ಸಲ್ಲುತ್ತವೆ. ಅವುಗಳ ಮೇಲ್ವಿಚಾರಣೆ ಸೋದರಮಾವನದು. ಪೆಂಗುಲು ಪದವಿ ಮಾವನಿಂದ ಅಳಿಯನಿಗೆ ಹೋಗುತ್ತದೆ. ಅಳಿಯಕಟ್ಟು ಎಂಬ ಕನ್ನಡದ ಪದವು ಈ ಪದ್ಧತಿಗೆ ಸಮೀಪವಾಗಿದೆ. ಅರಸುಮನೆತನದಲ್ಲಿ ಮಾತ್ರ ಉತ್ತರಾಧಿಕಾರವು ತಂದೆಯ ಕಡೆಯಿಂದ ಬರುತ್ತಿತ್ತೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹಾಗಾಗಿ ಪ್ರಜೆಗಳ ಕುಲಗಳ ಜಾಲದಿಂದ ಅರಸನು ಹೊರಗಿನವನಾಗಿಯೇ ಉಳಿದನು.

ತಾಂಬೋಗಳು ಈ ಕಟ್ಟಳೆಗಳ ಕರ್ತೃತ್ವವನ್ನು ದಾತುಕ್ ಕೆತುಮಂಗುಂಗನ್ ಮತ್ತು ದಾತುಕ್ ಪರ್ಪಾತಿಹ್ ನನ್ ಸಬಾತಾಂಗ್ ಎಂಬ ಇಬ್ಬರಿಗೆ ಆರೋಪಿಸುತ್ತವೆ. ಮೊದಲನೆಯವನ ‘ಕೋತೋ ಪಿಲಿಯಾಂಗ್’ ಸಂಪ್ರದಾಯವು ಶ್ರೇಣೀಕೃತವಾದುದು. ಎರಡನೆಯವನ ‘ಬೋದಿ ಚನಿಯಾಗೋ’ ಸಂಪ್ರದಾಯವು ಪೆಂಗುಲುಗಳೆಲ್ಲರೂ ಸಮಾನರೆಂದು ಎಣಿಸುತ್ತದೆ. ಹೊರಗಿನಿಂದ ಬಂದ ದೊಡ್ಡ ಕೋಣವನ್ನು ಹಸಿದ ಎಳೆಗರುವಿನಿಂದ ಸೋಲಿಸಿದ್ದರಿಂದ ನಾಡಿಗೆ ‘ಗೆದ್ದ ಕೋಣ’ ಎಂಬ ಅರ್ಥದ ಹೆಸರು ಬಂದಿತೆಂಬ ಐತಿಹ್ಯವೂ ಪ್ರಸಿದ್ಧವಾಗಿದೆ. ನಿರುಕ್ತಿಯಾಗಿ ಇದನ್ನು ಒಪ್ಪಲಾಗದಿದ್ದರೂ, ಬಲಕ್ಕಿಂತ ಯುಕ್ತಿಯನ್ನು ಮೆಚ್ಚುವ ಸಮಾಜವೊಂದರ ಸ್ವಭಾವಚಿತ್ರವಾಗಿ ಅದು ಉಪಯುಕ್ತವಾಗಿದೆ.

ಅರಸೊತ್ತಿಗೆಯೂ ಒಬ್ಬನ ಕೈಯಲ್ಲಿರಲಿಲ್ಲ. ಪಗರುಯುಂಗ್‌ನ ‘ರಾಜ ಆಲಮ್’ ಲೋಕದ ಅರಸ. ಬುವೋದ ‘ರಾಜ ಅದಾತ್’ ಕಟ್ಟಳೆಯ ಅರಸ. ಸುಂಪುರ್ ಕುದುಸ್‌ನ ‘ರಾಜ ಇಬಾದತ್’ ಧರ್ಮದ ಅರಸ. ಇವರ ಕೆಳಗೆ ಸುಂಗೈ ತಾರಬ್, ಸುರೋವಾಸೋ, ಪಾದಾಂಗ್ ಗಾಂತಿಂಗ್, ಸುಮಾನಿಕ್ ಎಂಬ ಸ್ಥಳಗಳ ನಾಲ್ವರು ಮಂತ್ರಿಗಳ ಸಭೆಯಿತ್ತು. ಸುಮಾರು ೧೫೧೨ರಿಂದ ೧೫೧೫ರ ಅವಧಿಯಲ್ಲಿ ಬರೆದ ಪೋರ್ಚುಗೀಸ್ ಲೇಖಕ ತೋಮೆ ಪಿರೆಸ್ ಮಿನಾಂಗ್‌ಕಬಾವ್‌ನಲ್ಲಿ ಮೂವರು ಅರಸರಿದ್ದು, ಅವರಲ್ಲೊಬ್ಬನು ಇಸ್ಲಾಮನ್ನು ಸ್ವೀಕರಿಸಿದ್ದನೆಂದು ತಿಳಿಸುತ್ತಾನೆ. ಮೂವರು ಅರಸರ ಪದ್ಧತಿಯು ಕಲ್ಪಿತವಲ್ಲವೆಂಬುದಕ್ಕೂ, ಮತಾಂತರವು ನಿಧಾನವಾಗಿ ನಡೆಯಿತೆಂಬುದಕ್ಕೂ ಇದು ಸಮಕಾಲೀನ ಆಧಾರವಾಗಿದೆ.

೫. ಚಿನ್ನ, ಕರಾವಳಿ ಮತ್ತು ಮುದ್ರೆಯ ಪತ್ರ

ಮಿನಾಂಗ್‌ಕಬಾವ್ ಲೋಕವನ್ನು ‘ದಾರೆಕ್’ ಮತ್ತು ‘ರಾಂತವ್’ ಎಂದು ಎರಡಾಗಿ ಎಣಿಸುತ್ತಾರೆ. ತಾನಾಹ್ ದಾತಾರ್, ಅಗಾಮ್, ಲಿಮಾಪುಲುಹ್ ಕೋತೋ ಎಂಬ ಮೂರು ‘ಲುಹಾಕ್’ಗಳು ಸೇರಿ ದಾರೆಕ್, ಅಂದರೆ ಒಳನಾಡು. ಅಲ್ಲಿಂದ ಹೊರಟವರು ನೆಲೆಸಿದ ಕರಾವಳಿ ಮತ್ತು ನದೀತೀರಗಳು ರಾಂತವ್. ಒಳನಾಡಿನಲ್ಲಿ ಪೆಂಗುಲುವಿನ ಮಾತು, ರಾಂತವ್‌ನಲ್ಲಿ ಅರಸನ ಮಾತು ಎಂಬುದು ಸಾಂಪ್ರದಾಯಿಕ ಹಂಚಿಕೆ. ಚಿನ್ನ ಮತ್ತು ರಾಂತವ್‌ನ ಕಾಣಿಕೆಗಳೇ ಅರಸನ ಆದಾಯದ ಮುಖ್ಯ ಮೂಲಗಳಾಗಿದ್ದವು.

ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಆಚೆಹ್ ಸುಲ್ತಾನರ ಹಿಡಿತಕ್ಕೆ ಸಿಲುಕಿದವು. ಅದರಿಂದ ಬಿಡುಗಡೆ ಬಯಸಿದ ಕರಾವಳಿಯ ಮುಖಂಡರು ೧೬೬೩ರ ಪೈನಾನ್ ಒಪ್ಪಂದದಿಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ರಕ್ಷಣೆಗೆ ಒಳಪಟ್ಟರು. ಆಚೆಹ್‌ನ ಹಕ್ಕನ್ನು ಅಲ್ಲಗಳೆಯಲು ಕಂಪನಿಗೆ ಕಾನೂನಿನ ಆಧಾರವೊಂದು ಬೇಕಾಗಿತ್ತು. ಕರಾವಳಿಯು ಮೂಲತಃ ಮಿನಾಂಗ್‌ಕಬಾವ್ ಅರಸನದು, ಆಚೆಹ್ ಅದನ್ನು ಅಪಹರಿಸಿತು ಎಂಬ ವಾದದಲ್ಲಿ ಅದು ದೊರೆಯಿತು. ಹೀಗೆ ತಾನು ಕಾಣದ ಅರಸನ ಹೆಸರಿನಲ್ಲಿ ಕಂಪನಿಯು ಕರಾವಳಿಯನ್ನು ಆಳಿತು. ಕಂಪನಿಯ ಪರವಾಗಿ ತೋಮಾಸ್ ದಿಯಾಸ್ ಎಂಬ ಪೋರ್ಚುಗೀಸನು ಪೂರ್ವದ ನದೀಮಾರ್ಗವಾಗಿ ಪಗರುಯುಂಗ್ ಆಸ್ಥಾನವನ್ನು ತಲುಪಿದುದು ೧೬೮೪ರಲ್ಲಿ.

ಅರಸನ ಪ್ರಭಾವದ ನಿಜವಾದ ಸಾಧನವು ಅವನ ಪತ್ರಗಳು. ವಿಲಿಯಂ ಮಾರ್ಸ್‌ಡನ್‌ನು ೧೭೮೩ರಲ್ಲಿ ಪ್ರಕಟಿಸಿದ ಸುಮಾತ್ರಾ ಇತಿಹಾಸದಲ್ಲಿ ಇಂತಹ ಪತ್ರದ ಅನುವಾದವಿದೆ. ಅರಸನು ಇಸ್ಕಂದರ್ ಜುಲ್ಕರ್ನೈನ್‌ನ ವಂಶದವನೆಂದೂ, ರೂಮ್ ಮತ್ತು ಚೀನಾದ ದೊರೆಗಳು ಅವನ ಸೋದರರೆಂದೂ ಈ ಬಗೆಯ ಪತ್ರಗಳು ಸಾರುತ್ತವೆ. ಅವನ ಅದ್ಭುತ ರಾಜಲಾಂಛನಗಳನ್ನು ಎಣಿಸಿ, ಅವಿಧೇಯರ ಮೇಲೆ ಶಾಪವನ್ನು ಹಾಕುತ್ತವೆ. ಯುರೋಪಿನ ಅಧಿಕಾರಿಗಳಿಗೆ ಇದು ಬಡ ಅರಸನ ಬಡಾಯಿಯಾಗಿ ಕಂಡಿತು. ಆದರೆ ಜೇನ್ ಡ್ರಕಾರ್ಡ್ ಅವರು ೧೯೯೯ರ ತಮ್ಮ ಗ್ರಂಥದಲ್ಲಿ ತೋರಿಸಿರುವಂತೆ, ಪತ್ರದ ಭಾಷೆ ಮತ್ತು ಮುದ್ರೆಗಳೇ ಇಲ್ಲಿ ಅಧಿಕಾರದ ರೂಪಗಳಾಗಿದ್ದವು. ಪಗರುಯುಂಗ್ ವಂಶದ ಹಕ್ಕನ್ನು ಮುಂದಿಟ್ಟ ರಾಜ ಕೆಚಿಲ್‌ನು ೧೭೧೮ರಲ್ಲಿ ಜೊಹೋರ್ ಸಿಂಹಾಸನವನ್ನು ವಶಪಡಿಸಿಕೊಂಡು, ಅನಂತರ ಸಿಯಾಕ್ ರಾಜ್ಯವನ್ನು ಸ್ಥಾಪಿಸಿದನು. ಮಲಯ ಪರ್ಯಾಯದ್ವೀಪದ ನೆಗರಿ ಸೆಂಬಿಲಾನ್‌ನಲ್ಲಿ ನೆಲೆಸಿದ್ದ ಮಿನಾಂಗ್‌ಕಬಾವ್ ವಲಸಿಗರ ಮುಖಂಡರು ಪಗರುಯುಂಗ್‌ನಿಂದ ರಾಜ ಮೆಲೆವಾರ್‌ನನ್ನು ಕರೆತಂದು ೧೭೭೩ರಲ್ಲಿ ಪಟ್ಟಕಟ್ಟಿದರು. ಸೈನ್ಯವನ್ನು ಕಳುಹಿಸಲಾಗದ ಆಸ್ಥಾನವು ಅರಸರನ್ನು ಕಳುಹಿಸಬಲ್ಲದಾಗಿತ್ತು.

೬. ಕಾಫಿ ಮತ್ತು ಪಾದ್ರಿ ಚಳವಳಿ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಸಮತೋಲನ ಕದಡಿತು. ಕ್ರಿಸ್ಟಿನ್ ಡಾಬಿನ್ ಅವರು ೧೯೮೩ರ ತಮ್ಮ ಅಧ್ಯಯನದಲ್ಲಿ ಇದರ ಆರ್ಥಿಕ ಹಿನ್ನೆಲೆಯನ್ನು ವಿವರಿಸಿದ್ದಾರೆ. ಅರಸುಮನೆತನಕ್ಕೆ ಆಧಾರವಾಗಿದ್ದ ತಾನಾಹ್ ದಾತಾರ್‌ನ ಚಿನ್ನ ಬತ್ತುತ್ತ ಬಂದಿತು. ಇದೇ ವೇಳೆಗೆ ಅಗಾಮ್ ಮತ್ತು ಲಿಮಾಪುಲುಹ್ ಕೋತೋದ ಇಳಿಜಾರುಗಳಲ್ಲಿ ಕಾಡುದಾಲ್ಚಿನ್ನಿ, ಗಂಬೀರ್ ಮತ್ತು ಕಾಫಿ ಬೆಳೆಗಳು ವಿಸ್ತರಿಸಿದವು. ಅಮೆರಿಕದ ಹಡಗುಗಳು ಕಾಫಿಯನ್ನು ಅರಸಿ ಕರಾವಳಿಗೆ ಬರತೊಡಗಿದವು. ಗದ್ದೆ ಕಡಿಮೆಯಿದ್ದ ಗುಡ್ಡದ ಹಳ್ಳಿಗಳು ಸಂಪನ್ನವಾದವು. ಈ ಹೊಸ ವರ್ತಕರಿಗೆ ಬೇಕಾಗಿದ್ದುದು ಸುರಕ್ಷಿತ ಹಾದಿ, ಊರೂರಿಗೆ ಬದಲಾಗದ ನ್ಯಾಯ, ಕರಾರಿಗೆ ಬೆಲೆ. ದಾರಿಗಳ್ಳತನ ಮತ್ತು ಹಳ್ಳಿಹಳ್ಳಿಗಳ ಕಾದಾಟವನ್ನು ತಡೆಯುವ ಶಕ್ತಿ ಅರಸನಿಗಿರಲಿಲ್ಲ. ಆ ಕೊರತೆಯನ್ನು ತುಂಬಲು ಬಂದುದು ಇಸ್ಲಾಮಿನ ಧರ್ಮಶಾಸ್ತ್ರ. ಅಗಾಮ್‌ನ ತುವಾಂಕು ನನ್ ತುವೋ ಎಂಬ ಹಿರಿಯ ಗುರುವು ೧೭೮೦ರ ದಶಕದಿಂದಲೇ ಬೋಧನೆಯ ಮೂಲಕ ಈ ಸುಧಾರಣೆಯನ್ನು ನಡೆಸುತ್ತಿದ್ದನು.

೧೮೦೩ರ ಸುಮಾರಿಗೆ ಹಾಜಿ ಮಿಸ್ಕಿನ್, ಹಾಜಿ ಸುಮಾನಿಕ್, ಹಾಜಿ ಪಿಯೋಬಾಂಗ್ ಎಂಬ ಮೂವರು ಮೆಕ್ಕಾದಿಂದ ಹಿಂದಿರುಗಿದರು. ವಹಾಬಿ ಪಡೆಗಳ ಏಳಿಗೆಯ ಕಾಲದಲ್ಲಿ ಅರೇಬಿಯಾದಲ್ಲಿದ್ದ ಅವರು ಬೋಧನೆಯೊಂದೇ ಸಾಲದೆಂಬ ನಿಲುವನ್ನು ತಳೆದಿದ್ದರು. ಅವರಿಂದ ಪ್ರೇರಿತನಾದ ತುವಾಂಕು ನನ್ ರೆಂಚೆಹ್‌ನು ತನ್ನ ಗುರುವಾದ ನನ್ ತುವೋನಿಂದ ಬೇರೆಯಾಗಿ ಶಸ್ತ್ರದ ಹಾದಿಯನ್ನು ಹಿಡಿದನು. ಕೋಳಿ ಅಂಕ, ಜೂಜು, ಅಫೀಮು, ತಂಬಾಕು, ವೀಳ್ಯ ಇವುಗಳನ್ನು ನಿಷೇಧಿಸಲಾಯಿತು; ಬಿಳಿಯ ಉಡುಪು, ಗಡ್ಡ, ಹೆಂಗಸರಿಗೆ ಮುಸುಕು ಕಡ್ಡಾಯವಾದವು. ಒಪ್ಪದ ಹಳ್ಳಿಗಳ ಮೇಲೆ ದಾಳಿಗಳಾದವು. ಈ ಪಕ್ಷಕ್ಕೆ ಪಾದ್ರಿಗಳೆಂಬ ಹೆಸರು ಬಂದಿತು.

ಅರಸುಮನೆತನವಿದ್ದ ತಾನಾಹ್ ದಾತಾರ್‌ನಲ್ಲಿ ಚಳವಳಿಯ ಮುಖಂಡನಾದವನು ತುವಾಂಕು ಲಿಂತವ್. ೧೮೧೫ರಲ್ಲಿ (ಕೆಲವು ಆಕರಗಳಂತೆ ೧೮೦೯ರಲ್ಲಿ) ಕೋತೋ ತಂಗಾಹ್ ಎಂಬಲ್ಲಿ ನಡೆದ ಮಾತುಕತೆಯ ಸಂದರ್ಭದಲ್ಲಿ ಅರಸುಮನೆತನದ ಹಲವರು ಕೊಲೆಯಾದರು. ಅರಸ ಸುಲ್ತಾನ್ ಮುನಿಂಗ್‌ಶಾನು ತಪ್ಪಿಸಿಕೊಂಡು ಕುವಾಂತಾನ್ ಪ್ರದೇಶದ ಲುಬುಕ್ ಜಾಂಬಿಯನ್ನು ಸೇರಿದನು. ೧೮೧೮ರ ಜುಲೈನಲ್ಲಿ ಬಂದ ಸ್ಟ್ಯಾಮ್‌ಫರ್ಡ್ ರಾಫಲ್ಸ್‌ನು ಪಗರುಯುಂಗ್‌ನಲ್ಲಿ ಕಂಡುದು ಸುಟ್ಟುಹೋದ ಅರಮನೆಯ ನೆಲೆಯನ್ನು ಮಾತ್ರ. ಪಾವಿತ್ರ್ಯದ ಭಾವನೆಯೇ ಕವಚವಾಗಿದ್ದ ಅರಸನಿಗೆ, ಆ ಭಾವನೆಯನ್ನು ಒಪ್ಪದ ವೈರಿಗಳು ಎದುರಾದಾಗ, ಬೇರೆ ಕವಚವಿರಲಿಲ್ಲ.

೭. ೧೮೨೧ರ ಒಪ್ಪಂದ ಮತ್ತು ಅದರ ಪರಿಣಾಮ

ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷರ ವಶದಲ್ಲಿದ್ದ ಪಾದಾಂಗ್ ೧೮೧೯ರಲ್ಲಿ ಡಚ್ಚರಿಗೆ ಮರಳಿತು. ಅರಸುಮನೆತನದ ಉಳಿದವರು ಮತ್ತು ತಾನಾಹ್ ದಾತಾರ್‌ನ ಕೆಲವು ಪೆಂಗುಲುಗಳು ೧೮೨೧ರ ಫೆಬ್ರವರಿ ೧೦ರಂದು ಪಾದಾಂಗ್‌ನಲ್ಲಿ ಡಚ್ ಅಧಿಕಾರಿ ದು ಪುಯ್ ಎದುರಿನಲ್ಲಿ ಸಹಿಮಾಡಿದ ಒಪ್ಪಂದವು ಪಗರುಯುಂಗ್, ಸುಂಗೈ ತಾರಬ್ ಮತ್ತು ಸುರೋವಾಸೋಗಳೊಂದಿಗೆ ಮಿನಾಂಗ್‌ಕಬಾವ್‌ನ ಉಳಿದ ನೆಲವನ್ನೂ ಡಚ್ ಸರ್ಕಾರಕ್ಕೆ ಒಪ್ಪಿಸಿತು.

ಈ ದಾಖಲೆಯ ಸಿಂಧುತ್ವದ ಪ್ರಶ್ನೆ ಇತಿಹಾಸದ ದೃಷ್ಟಿಯಿಂದ ಮಹತ್ವದ್ದಾಗಿದೆ. ಅರಸ ಮುನಿಂಗ್‌ಶಾನು ಆಗ ಬೆಟ್ಟನಾಡಿನಲ್ಲಿಯೇ ಇರಲಿಲ್ಲ. ಅವನೇ ಇದ್ದಿದ್ದರೂ, ಕಟ್ಟಳೆಯ ಪ್ರಕಾರ ನೆಲವು ಕುಲಗಳದೇ ಹೊರತು ಅರಸನದಲ್ಲ. ಒಂದು ನಗರಿಯ ಪೆಂಗುಲು ಇನ್ನೊಂದು ನಗರಿಯ ಪರವಾಗಿ ಮಾತನಾಡುವಂತಿರಲಿಲ್ಲ. ಅಗಾಮ್ ಮತ್ತು ಲಿಮಾಪುಲುಹ್ ಕೋತೋದ ಬಹುಭಾಗದ ಮೇಲೆ ಸಹಿಮಾಡಿದವರಿಗೆ ಯಾವ ಹಕ್ಕೂ ಇರಲಿಲ್ಲ. ಹಿಂದೆ ಆಚೆಹ್‌ನ ವಿರುದ್ಧ ಕಂಪನಿಯು ಬಳಸಿದ ಸಾರ್ವಭೌಮ ಅರಸನ ಕಲ್ಪನೆಯೇ ಈಗ ಇಡೀ ನಾಡನ್ನು ಬರೆಯಿಸಿಕೊಳ್ಳುವ ಸಾಧನವಾಯಿತು. ಪತ್ರಗಳಲ್ಲಿ ಮಾತಿನ ಮಟ್ಟದಲ್ಲಿದ್ದ ಸರ್ವಾಧಿಪತ್ಯವನ್ನು ಡಚ್ಚರು ಕಾನೂನಿನ ಸತ್ಯವೆಂದು ಓದಿದರು.

ಅದೇ ವರ್ಷ ಯುದ್ಧ ಆರಂಭವಾಯಿತು. ಬಾತುಸಾಂಗ್ಕರ್‌ನಲ್ಲಿ ಫಾನ್ ಡರ್ ಕಾಪೆಲ್ಲೆನ್ ಕೋಟೆ ಎದ್ದಿತು. ಹಿಂದಿರುಗಿದ ಮುನಿಂಗ್‌ಶಾನು ೧೮೨೫ರಲ್ಲಿ ತೀರಿಕೊಂಡನು. ಅರಸುಮನೆತನದ ಸುಲ್ತಾನ್ ಬಗಗರ್‌ಶಾನಿಗೆ ಡಚ್ಚರು ನೀಡಿದುದು ತಾನಾಹ್ ದಾತಾರ್‌ನ ರೀಜೆಂಟ್ ಪದವಿ. ಅರಸನಾಗಬಯಸಿದವನು ಸಂಬಳದ ಅಧಿಕಾರಿಯಾದನು. ಜಾವಾ ಯುದ್ಧದ ಕಾರಣ ೧೮೨೫ರಲ್ಲಿ ಪಾದ್ರಿಗಳೊಡನೆ ಸಂಧಿ ಮಾಡಿಕೊಂಡಿದ್ದ ಡಚ್ಚರು ೧೮೩೦ರ ಅನಂತರ ಪೂರ್ಣಬಲದಿಂದ ಮರಳಿದರು. ಬಿಟ್ಟಿದುಡಿಮೆ ಮತ್ತು ಸೈನಿಕರ ಹಾವಳಿಯಿಂದ ಬೇಸತ್ತ ಕಟ್ಟಳೆಯ ಪಕ್ಷದವರೂ ಪಾದ್ರಿಗಳೂ ೧೮೩೩ರ ಆರಂಭದಲ್ಲಿ ಒಂದಾಗಿ ದಂಗೆಯೆದ್ದರು. ಈ ದಂಗೆಯೊಡನೆ ಸಂಬಂಧವಿದೆಯೆಂಬ ಆರೋಪದ ಮೇಲೆ ಬಗಗರ್‌ಶಾನನ್ನು ಅದೇ ವರ್ಷದ ಮೇ ತಿಂಗಳಲ್ಲಿ ಬಂಧಿಸಿ ಬಟೇವಿಯಾಕ್ಕೆ ಗಡೀಪಾರು ಮಾಡಲಾಯಿತು. ಅವನು ೧೮೪೯ರಲ್ಲಿ ಅಲ್ಲಿಯೇ ಮರಣಹೊಂದಿದನು. ಅವನ ಬಂಧನದೊಡನೆ ಪಗರುಯುಂಗ್ ಅರಸೊತ್ತಿಗೆಯು ವಾಸ್ತವವಾಗಿ ಕೊನೆಗೊಂಡಿತು. ತುವಾಂಕು ಇಮಾಮ್ ಬೊಂಜೋಲ್‌ನ ಕೋಟೆ ೧೮೩೭ರ ಆಗಸ್ಟ್ ೧೬ರಂದು ಬಿದ್ದಿತು. ೧೮೩೮ರ ಕೊನೆಯಲ್ಲಿ ದಾಲುದಾಲುವಿನ ಪತನದೊಂದಿಗೆ ಯುದ್ಧ ಮುಗಿಯಿತು.

೧೮೩೩ರ ಅಕ್ಟೋಬರ್ ೨೫ರ ‘ಪ್ಲಕಾತ್ ಪಂಜಾಂಗ್’ ಎಂಬ ಘೋಷಣೆಯಲ್ಲಿ ನೇರ ತೆರಿಗೆ ಹಾಕುವುದಿಲ್ಲ, ಕಟ್ಟಳೆಗಳಲ್ಲಿ ಕೈಹಾಕುವುದಿಲ್ಲ ಎಂದು ಡಚ್ ಸರ್ಕಾರವು ವಚನವಿತ್ತಿತ್ತು. ೧೮೪೭ರಿಂದ ಕಡ್ಡಾಯ ಕಾಫಿ ಬೇಸಾಯ ಜಾರಿಗೆ ಬಂದಿತು. ೧೯೦೮ರಲ್ಲಿ ಹಣದ ತೆರಿಗೆಯೂ ಬಂದಾಗ ಕಮಾಂಗ್ ಮೊದಲಾದೆಡೆ ಜನರು ದಂಗೆಯೆದ್ದರು.

೮. ಸಮಾರೋಪ

ಪಗರುಯುಂಗ್ ಅರಸೊತ್ತಿಗೆಯ ಉಳಿವು ಮತ್ತು ಅಳಿವುಗಳಿಗೆ ಕಾರಣ ಒಂದೇ ಎಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ನಗರಿಗಳ ನೆಲ ಮತ್ತು ನ್ಯಾಯದಲ್ಲಿ ಕೈಹಾಕದ ಅರಸನನ್ನು ಉರುಳಿಸುವ ಅಗತ್ಯ ಯಾರಿಗೂ ಬರಲಿಲ್ಲ. ಅವನ ಹೆಸರು ಮಾತ್ರ ಎಲ್ಲರಿಗೂ ಬೇಕಾಗಿತ್ತು. ಆದರೆ ವ್ಯಾಪಾರವು ಬದಲಾಗಿ, ಹಳ್ಳಿಗಳನ್ನು ಮೀರಿದ ನ್ಯಾಯವ್ಯವಸ್ಥೆಯೊಂದು ಅವಶ್ಯವಾದಾಗ, ಅದನ್ನು ಒದಗಿಸುವ ಸಾಮರ್ಥ್ಯ ಆ ಹೆಸರಿಗಿರಲಿಲ್ಲ. ಪಾದ್ರಿಗಳು ಅದನ್ನು ಧರ್ಮದಿಂದ, ಡಚ್ಚರು ಬಂದೂಕಿನಿಂದ ಒದಗಿಸಲು ಯತ್ನಿಸಿದರು.

ಅರಸೊತ್ತಿಗೆ ಅಳಿದರೂ ನಗರಿ, ಸುಕು ಮತ್ತು ತಾಯಿಬಳಿಯ ಪದ್ಧತಿಗಳು ಅಳಿಯಲಿಲ್ಲ. ಕಟ್ಟಳೆಗೆ ಧರ್ಮಶಾಸ್ತ್ರವು ಆಧಾರ, ಧರ್ಮಶಾಸ್ತ್ರಕ್ಕೆ ಕುರಾನ್ ಆಧಾರ ಎಂಬ ಸಮನ್ವಯಸೂತ್ರವು ಪಾದ್ರಿ ಕಲಹದ ಪಾಠವಾಗಿ ಉಳಿಯಿತು. ೧೯೫೭ರಲ್ಲಿ ಸ್ವತಂತ್ರ ಮಲಯಾದ ಮೊದಲ ರಾಷ್ಟ್ರಾಧಿಪ ಅರಸನಾಗಿ ಆಯ್ಕೆಯಾದ ತುವಾಂಕು ಅಬ್ದುಲ್ ರಹಮಾನ್ ನೆಗರಿ ಸೆಂಬಿಲಾನ್ ರಾಜಮನೆತನಕ್ಕೆ ಸೇರಿದವರು. ಪಗರುಯುಂಗ್‌ನಲ್ಲಿ ೧೯೭೬ರಲ್ಲಿ ಆರಂಭಿಸಿ ಕಟ್ಟಲಾದ ಅರಮನೆಯ ಪ್ರತಿರೂಪವು ೨೦೦೭ರ ಫೆಬ್ರವರಿಯಲ್ಲಿ ಸಿಡಿಲಿನಿಂದ ಸುಟ್ಟುಹೋಯಿತು; ಮತ್ತೆ ಅದನ್ನು ಕಟ್ಟಲಾಯಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಆದಿತ್ಯವರ್ಮನ ಶಾಸನಶಿಲೆಗಳು ನಿಂತಿವೆ. ಚಿನ್ನದ ನೆಲದ ಒಡೆಯನೆಂದು ಕರೆದುಕೊಂಡ ಅರಸನ ಮಾತು ಆ ಕಲ್ಲುಗಳಲ್ಲಿದೆ. ನೆಲದ ಒಡೆತನವು ಆ ಊರಿನ ಹೆಣ್ಣುಮಕ್ಕಳ ಬಳಿಯಲ್ಲಿಯೇ ಉಳಿದು ಬಂದಿದೆ.